ಬಿಡಾರ ಹೊತ್ತಾಕಿ ಹೊಳ್ಳಿ ನೋಡಬಾರದು

ನನ್ನ ಬಾಯಿ ಭಾಳ ದೊಡ್ಡದು. ಇದು ನಾ ಹೇಳೂ ಮಾತಲ್ಲ, ಅಕ್ಕಲಕೋಟ–ಸೊಲ್ಲಾಪುರ ಹಾದಿ ಮ್ಯಾಲ ದಿನಾ ಓಡಾಡೂ ಮಂದಿ ಹೇಳೂ ಮಾತು. ಸರಕಾರಿ ಬಸ್ಸಿನ್ಯಾಗ ಕಂಡಕ್ಟರ್ ಇದ್ದೀನಿ. ಸಂತಿ ದಿನ ಬಸ್ಸಿನ್ಯಾಗ ಕಾಲಿಡಾಕ ಜಾಗಾ ಇರೂದಿಲ್ಲ. ನಾ ಬಾಗಿಲದಾಗ ನಿಂತು "ಒಳಗ ಸರೀರಿ, ಪುಢೆ ಚಲಾ!" ಅಂತ ಎರಡೂ ಭಾಷಾದಾಗ ಒಂದ ಸಲ ಒದರಿದ್ರ ಸಾಕು, ನಿದ್ದಿ ಹೊಡ್ಯಾಕತ್ತಿದ್ದ ಮುದುಕರೂ ಎದ್ದು ಸರೀತಾರ. ಡ್ರೈವರ್ ಮಾಮಾ ಅಂತೂ ನಾ ಇದ್ದ ದಿನ ಗಂಟಿ ಬಾರಸೂದ ಬ್ಯಾಡ ಅಂತಾನ.

ಇದಕ್ಕ ಅವ್ವನ ಕಡೆ ಒಂದು ಕಾರಣ ಅದ. "ನೀ ಧಬಧಬಿ ಬಾಜೂಕ ಹುಟ್ಟಿದಾಕಿ. ಹುಟ್ಟಿದ ಕೂಡ್ಲೇ ಅದರ ಜೋಡಿ ಜಗಳಾ ಚಾಲೂ ಮಾಡಿದಿ, ಇನ್ನೂ ಬಿಟ್ಟಿಲ್ಲ" ಅಂತಾಳ. ಧಬಧಬಿ ಅಂದ್ರ ಜಲಪಾತ. ನಾವು ಕುರಿ ಮಂದಿ. ದಸರಾ ಮುಗೀತಂದ್ರ ಅಪ್ಪ ಅವ್ವ ನಮ್ಮ ಬರಡು ಬಯಲು ಬಿಟ್ಟು, ಕುರಿ ಹೊಡಕೊಂಡು, ಘಾಟ ಇಳದು ಕೊಂಕಣಕ್ಕ ಹೋಗೂರು. ಭತ್ತ ಕೊಯ್ದ ಗದ್ದ್ಯಾಗ ಕುರಿ ಕೂಡಸೂರು. ಮಿರಗದ ಮಳಿ ಬೀಳೂದ್ರಾಗ ಹೊಳ್ಳಿ ಊರು ಸೇರೂರು. ಅಂಥ ಒಂದು ತಿರುಗಾಟದಾಗ, ಕಾಡಿನ ನಡುವ ಒಂದು ಧಬಧಬಿ ಹತ್ರ, ಬಂಡಗಲ್ಲಿನ ಆಸರದಾಗ ಅವ್ವ ನನ್ನ ಹಡದಾಳ. ಸಾಲಿಗಿ ಹೋಗೂ ವಯಸ್ಸು ಬಂತಂತ ನನ್ನ ಕಂದಲಗಾಂವದಾಗ ಅಜ್ಜಿ ಮನ್ಯಾಗ ಬಿಟ್ರು. ಹಿಂಗಾಗಿ ತಿಳುವಳಿಕಿ ಬಂದ ಮ್ಯಾಲ ನಾ ಕುರಿ ಹಿಂದ ತಿರುಗಲಿಲ್ಲ. ಬಿಡಾರದ ರೀತಿ ರಿವಾಜು ನನಗ ಏನೂ ಗೊತ್ತಿಲ್ಲ. ಹುಟ್ಟಿದ ಜಾಗಾನೂ ಬರೇ ಕೇಳಿದ್ದು.

ಈಗ ಕುರಿ ಇಲ್ಲ. ಅಪ್ಪನ ಮೊಣಕಾಲು ಸೋತ ಮ್ಯಾಲ ಮಾರಿ ಇಬ್ಬರೂ ನನ್ನ ಜೋಡಿ ಅಕ್ಕಲಕೋಟದಾಗ ಅದಾರ. ಒಂದಿನ ಸಂಜಿಮುಂದ ಮೊಬೈಲದಾಗ ಯಾವುದೋ ಧಬಧಬಿ ವಿಡಿಯೊ ಬಂತು. ಅಪ್ಪಗ ತೋರಿಸಿದೆ. ಅಂವ ಕನ್ನಡಕ ಏರಿಸಿ ನೋಡಿ, "ಇದೇನ ಬಿಡವಾ! ನೀ ಹುಟ್ಟಿದ್ದು ಇದಕ್ಕಿಂತ ಚಲೋ ಅದ. ಆ ಕಲ್ಲಿನ ಕೆಳಗ ನಿನ್ನ ಒಂದ ಸಲ ನಿಂದರಸಬೇಕು ಅಂತ ಆಸೆ ಅದ" ಅಂದ. ಅಪ್ಪ ಬಾಯಿಬಿಟ್ಟು ಬೇಡಿದ್ದು ನಾ ಎಂದೂ ಕೇಳಿದ್ದಿಲ್ಲ. ಶ್ರಾವಣದಾಗ ರಜಾ ಸಿಕ್ತು, ಜೀಪ್ ಹೇಳಿದೆ. ನನ್ನ ಗಂಡಗ ಹೋಟಗಿ ಸ್ಟೇಷನ್ದಾಗ ಡ್ಯೂಟಿ, ಅಂವ ಬರಲಿಲ್ಲ. "ಹಾದಿ ಗೊತ್ತದೇನು ಮಾವಾ?" ಅಂತ ಕೇಳಿದ. "ಕಣ್ಣು ಕಟ್ಟಿ ಬಿಡು, ಹೋಗ್ತೀನಿ" ಅಂದ ಅಪ್ಪ.

ಅಪ್ಪ ಸುಳ್ಳು ಹೇಳಿದ್ದಿಲ್ಲ. ಖರೆ, ಒಂದು ಮಾತು ನಮಗ ಯಾರಿಗೂ ಹೊಳೀಲಿಲ್ಲ. ಅಂವಗ ಗೊತ್ತಿದ್ದದ್ದು ಚಳಿಗಾಲದ ಕೊಂಕಣ. ಮಳ್ಯಾಗ ಅಲ್ಲಿ ನಿಂತ್ರ ಕುರಿ ಕಾಲು ಕೊಳೀತಾವ, ಅದಕ್ಕ ಮಳಿಗಿಂತ ಮೊದಲ ಓಡಿ ಬರೂರು. ಶ್ರಾವಣದಾಗ ಆ ಕಾಡು ಹೆಂಗಿರ್ತದಂತ ನಮ್ಮ ಖಾನದಾನದಾಗ ಒಬ್ಬರೂ ನೋಡಿದ್ದಿಲ್ಲ.

ಜೀಪ್ ರಸ್ತಾ ಮುಗಿಯೂ ತನಕ ಹೋತು. ಡ್ರೈವರ್ ಅಲ್ಲೇ ಮಲಕೊಂಡ. ಮುಂದ ಕಾಲುಹಾದಿ. ಅವ್ವ ಕಂಬಳಿ ಕೊಪ್ಪಿ ಹಾಕ್ಕೊಂಡಿದ್ಲು, ಅಪ್ಪನೂ ಹಂಗ. ನಾ ಒಬ್ಬಾಕಿ ಬಣ್ಣದ ರೇನಕೋಟ್. ಅಂಥ ಕಾಡು ನಾ ಕಂಡಿದ್ದಿಲ್ಲರಿ. ನಮ್ಮ ಕಡೆ ಗಿಡ ಅಂದ್ರ ಒಂದು ಜಾಲಿ, ಒಂದು ಬೇವು, ನಡುವ ಹತ್ತು ಮಾರು ಬಿಸಿಲು. ಇಲ್ಲಿ ಗಿಡದ ಮ್ಯಾಲ ಗಿಡ, ಅದರ ಮ್ಯಾಲ ಬಳ್ಳಿ, ಹಗಲೊತ್ತೇ ಮಬ್ಬು. ಎಲ್ಲಿ ಮುಟ್ಟಿದ್ರೂ ತಣ್ಣಗ, ಎಲ್ಲಿ ಕಾಲಿಟ್ರೂ ಜಾರು. ನನ್ನ ಹಿಮ್ಮಡಿಗಿ ಜಿಗಣಿ ಹತ್ತಿ ರಕ್ತ ಸೋರಾಕತ್ತಿತ್ತು, ನನಗ ಗೊತ್ತೇ ಆಗಿದ್ದಿಲ್ಲ. ನೋಡಿ ಚೀರಿದೆ. ಅವ್ವ ಕಡ್ಡೀಲೆ ತಗದು ಒಗದು, "ಹುಟ್ಟಿದಾಗೂ ಹಿಂಗ ಚೀರಿದ್ದಿ" ಅಂದ್ಲು. ಅಪ್ಪ ಮುಂದ ನಗಾಕತ್ತಿದ್ದ. ಅಲ್ಲೀ ತನಕ ಎಲ್ಲಾ ಚಲೋನ ಇತ್ತು.

ಧಬಧಬಿ ಮೊದಲು ಕಿವಿಗಿ ಬಂತು, ಆಮ್ಯಾಲ ಎದಿಗಿ. ಗಿಡಗಳ ಸಂದ್ಯಾಗಿಂದ ನೋಡಿದ್ರ ಎತ್ತರಕ್ಕ ಬೆಳ್ಳಗ, ಬುಡ ಕಾಣವಲ್ದು, ಬರೇ ಹೊಗಿ. ಅದರ ನೀರು ಹಳ್ಳ ಆಗಿ ನಮ್ಮ ಮುಂದ ಹರೀತಿತ್ತು. ನಮ್ಮ ಎರಡು ಬಸ್ಸು ಒಂದರ ಹಿಂದೊಂದು ನಿಲ್ಲಿಸಿದಷ್ಟು ಅಗಲ. ನಾ ಹುಟ್ಟಿದ ಬಂಡಗಲ್ಲು ಆ ಕಡೆ ದಂಡಿ ಮ್ಯಾಗ, ಸ್ವಲ್ಪ ಒಳಗ. ಬರೇ ಜಿನುಗು ಮಳಿ ಇತ್ತು, ನೀರು ಮೊಣಕಾಲ ಮಟ. "ನೀವು ಇಲ್ಲೇ ನಿಂದರ್ರಿ. ಕಲ್ಲು ಅದನೋ ಇಲ್ಲೋ ನಾ ನೋಡಿ ಬರ್ತೀನಿ, ಆಮ್ಯಾಲ ಕರಕೊಂಡು ಹೋಗ್ತೀನಿ" ಅಂತ ಹೇಳಿ ಅಪ್ಪ ಬಡಿಗಿ ಊರಿಕೋತ ದಾಟಿದ. ಅವ್ವ ಬ್ಯಾಡ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಅಂವ ಗಿಡದ ಮರಿಗಿ ಹೋದ. ಅಷ್ಟರಾಗ ಮಳಿ ಬಂತು. ಅದಕ್ಕ ಮಳಿ ಅನ್ನಬೇಕೋ ಏನನ್ನಬೇಕೋ, ಕೊಡಪಾನ ಬೋರಲ ಹಾಕಿದಂಗ. ಹಳ್ಳದ ನೀರು ನೋಡನೋಡೂದ್ರಾಗ ಕೆಂಪಾತು. ದಾಟಾಕ ಅಪ್ಪ ಕಾಲಿಟ್ಟಿದ್ದ ಕಲ್ಲು ಒಂದೂ ಕಾಣವಲ್ವು. ಆ ಕಡೆ ಅಪ್ಪ ಬಂದು ನಿಂತ. ನೀರಿನ ದಂಡಿಗಿ ಒಂದು ದೊಡ್ಡ ಹಾಸಗಲ್ಲು ಇತ್ತು, ಅದರ ಮ್ಯಾಲ ನಿಂತು ನೀರು ನೋಡಿದ, ನಮ್ಮನ್ನ ನೋಡಿದ. ಕೈ ಕೆಳಗ ಮಾಡಿ ತೋರಿಸಿದ. ಕುಂದರ್ರಿ, ಇಳೀತದ.

ಇದು ನಮ್ಮ ಕಡೆ ರೀತಿ. ನಮ್ಮ ಹಳ್ಳ ವರ್ಷಕ್ಕ ಎರಡು ಸಲ ಬಂದ್ರ ಹೆಚ್ಚು. ಬಂದ್ರ ಯಾರೂ ಹುಚ್ಚರಂಗ ದಾಟೂದಿಲ್ಲ. ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ ಕುಂತು ತಂಬಾಕ ತಿಕ್ಕಿ ಬಾಯಿಗಿ ಹಾಕ್ಕೋತಾರ. ಒಂದು ತಾಸು ಕುಂತ್ರ ಹಳ್ಳ ತಾನ ಇಳೀತದ. ಅಪ್ಪನೂ ಹಂಗ ಮಾಡಿದ. ಚಪ್ಪಲಿ ಬಿಚ್ಚಿ ಬಾಜೂಕಿಟ್ಟ. ಕಂಬಳಿ ಒಳಗ ಕೈ ಹಾಕಿ ಚಂಚಿ ತಗದ. ನಾನೂ ಒಂದು ಕಲ್ಲಿನ ಮ್ಯಾಲ ಕುಂತೆ. ಹೆದರಿಕಿ ಏನೂ ಇದ್ದಿಲ್ಲ ಆವಾಗ.

ಹೆದರಿಕಿ ತಂದಾಕಿ ಒಬ್ಬ ಹೆಂಗಸು. ತಲಿಯಿಂದ ಬೆನ್ನ ತನಕ ಪ್ಲಾಸ್ಟಿಕ್ ಹಾಳಿ ಹೊದ್ಕೊಂಡು, ಎರಡು ಎಮ್ಮಿ ಹೊಡಕೊಂಡು, ಮ್ಯಾಲಿನ ಸಣ್ಣ ಊರಿಗಿ, ವಾಡಿಗಿ, ಹೊಂಟಿದ್ಲು. ನಮ್ಮನ್ನ ನೋಡಿ, ಆ ಕಡೆ ಅಪ್ಪನ್ನ ನೋಡಿ ನಿಂತ್ಲು. ಮರಾಠ್ಯಾಗ ಕೇಳಿದ್ಲು, "ಆ ಅಜ್ಜ ಯಾರ ಪೈಕಿ? ಅಲ್ಯಾಕ ಕುಂತಾರ?"

"ನಮ್ಮ ಅಪ್ಪ. ನೀರು ಇಳೀಲಂತ ಕಾಯಾಕತ್ಯಾರ" ಅಂದೆ.

ಆಕಿ ನನ್ನ ಮಾರಿನ ನೋಡಿದ್ಲು, ಹುಚ್ಚೀನ್ನ ನೋಡಿದಂಗ. "ಇಳೀಲಂತ? ಅಕ್ಕಾ, ಇದು ಇಳಿಯೂ ನೀರಲ್ಲ. ಮ್ಯಾಲ ಗುಡ್ಡದಾಗ ಮುಂಜಾನಿಂದ ಬೀಳಾಕತ್ತದ, ಅದು ಇನ್ನೂ ಇಲ್ಲಿ ಮುಟ್ಟಿಲ್ಲ. ಇಂಥಾ ಮಳ್ಯಾಗ ಆ ಕಲ್ಲು ಮುಣಗ್ತದ. ಕಲ್ಲಿನ ಹಿಂದ ತಗ್ಗು ಅದ, ನೀರು ಮೊದಲು ಅದರಾಗ ಹೊಗ್ತದ. ತಗ್ಗು ತುಂಬಿದ್ರ ಅಜ್ಜ ನಡುನೀರಾಗ. ಈಗಿಂದೀಗ ಏಳಬೇಕು. ಅವರ ಹಿಂದಿನ ದನದ ಹಾದೀಲೆ ಮ್ಯಾಲ ಹತ್ತಿದ್ರ ನಮ್ಮ ವಾಡಿ ಸಾಕವ ಅದ, ಅಲ್ಲಿ ದಾಟಬಹುದು." ಸಾಕವ ಅಂದ್ರ ಹಳ್ಳದ ಮ್ಯಾಲಿನ ಸಣ್ಣ ಪೂಲು.

"ನಾವ ಸುತ್ತು ಹಾಕಿ ಹೋಗಿ ಕರಕೊಂಡು ಬರೂಣು?"

"ಅಷ್ಟು ಹೊತ್ತು ಇಲ್ಲ."

ಅಪ್ಪ ಹಳ್ಳಕ್ಕ ಮಾರಿ ಮಾಡಿ ಕುಂತಾನ. ತಗ್ಗು ಅಂವನ ಬೆನ್ನ ಹಿಂದ, ಗಿಡಗಂಟಿ ಮರಿಗಿ. ಮೊಬೈಲ್ ಅಂವನ ಹತ್ರ ಇಲ್ಲ, ಇದ್ರೂ ಆ ಕಾಡಿನ್ಯಾಗ ರೇಂಜ್ ಇಲ್ಲ. ಎದ್ದು ನಿಂತು ಒದರಿದೆ. "ಅಪ್ಪಾ! ಏಳು! ಮ್ಯಾಲ ಹತ್ತು!" ಇಡೀ ಬಸ್ ಸ್ಟ್ಯಾಂಡ್ ಹೊಳ್ಳಿ ನೋಡೂ ಅಂಥಾ ದನಿ ನಂದು. ಅಲ್ಲಿ ನನ್ನ ಕಿವಿಗೇ ಕೇಳಲಿಲ್ಲ. ಧಬಧಬಿ ನನ್ನ ಬಾಯಾಗಿನ ಮಾತು ಬಾಯಾಗ ನುಂಗಾಕತ್ತಿತ್ತು. ಮತ್ತ ಒದರಿದೆ, ಗಂಟಲು ಹರದು ಹೋಗಲಿ ಅಂತ ಒದರಿದೆ. ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು.

ಕೈ ಮಾಡಿದೆ. ಮ್ಯಾಲ, ಮ್ಯಾಲ ಅಂತ ಬೆರಳು ತೋರಿಸಿದೆ. ಅಪ್ಪ ನನ್ನ ಬೆರಳು ಹೋದ ಕಡೆ ಕುತ್ತಿಗಿ ಎತ್ತಿ ನೋಡಿದ. ಅಲ್ಲಿ ಏನಿತ್ತು? ಧಬಧಬಿ ಇತ್ತು. ಅಂವ ನಕ್ಕ, ಹೌದೌದು ಅಂತ ತಲಿ ಆಡಿಸಿದ, ಅದಕ್ಕ ಎರಡೂ ಕೈ ಮುಗದ. ಮಗಳಿಗಿ ಹುಟ್ಟಿದ ಜಾಗಾ ಪಸಂದ ಬಂತಂತ ಖುಷಿ ಅಂವಗ. ಆಮ್ಯಾಲ ಮತ್ತ ಅಂಗೈ ಕೆಳಗ ಮಾಡಿ, ಕುಂದರ್ರಿ, ಇಳೀತದ, ಅಂದು ಅಂಗೈಯಾಗ ತಂಬಾಕ ತಿಕ್ಕಾಕತ್ತಿದ. ಆ ಹೊತ್ತಿನ್ಯಾಗ ಅಪ್ಪನ ಮ್ಯಾಲ ಬಂದ ಸಿಟ್ಟು ನನಗ ಜನ್ಮದಾಗ ಯಾರ ಮ್ಯಾಲೂ ಬಂದಿಲ್ಲ. ಅಳು ಬರಾಕತ್ತಿತ್ತು, ಬೈಗುಳೂ ಬರಾಕತ್ತಿತ್ತು. ಹಾಸಗಲ್ಲಿನ ಆ ತುದಿ ನೀರಿಗಿ ಹೋಗಿತ್ತು.

ನಾ ಹೊಳ್ಳಿ ನೋಡಿದ್ರ ಅವ್ವ ಕಂಬಳಿ ಕೊಪ್ಪಿ ತಗದು, ಆ ಮಳ್ಯಾಗ ಬರೀ ತಲೀಲೆ ನಿಂತು, ಕಂಬಳಿ ಉದ್ದಕ ಹಾಸಿ ಸುತ್ತಾಕತ್ಯಾಳ. ಬುತ್ತಿ ಗಂಟು ಅದರಾಗಿಟ್ಲು. ನನ್ನ ಬ್ಯಾಗ ಕಸಗೊಂಡು ಅದನ್ನೂ ಇಟ್ಲು. ಸೆರಗು ತಿರುವಿ ಸಿಂಬಿ ಮಾಡಿ ತಲಿ ಮ್ಯಾಲಿಟ್ಲು.

"ಎತ್ತು" ಅಂದ್ಲು.

"ಏನವ್ವಾ ಇದು?"

"ಗಂಟು ಎತ್ತು ಅಂದೆ. ಅಂವಗ ಕಾಣೂವಂಗ ಎತ್ತು."

ಎತ್ತಿ ಆಕಿ ತಲಿ ಮ್ಯಾಲಿಟ್ಟೆ. ಒಂದು ಕ್ಷಣ ಆಕಿ ಅಪ್ಪಗ ಎದುರಾಗಿ ನಿಂತ್ಲು. ಆಮ್ಯಾಲ ಅಂವಗ ಬೆನ್ನು ಮಾಡಿ, ಎಮ್ಮಿ ಹಾದಿ ಹಿಡದು, ಮ್ಯಾಲ ಹೊಂಟ್ಲು. ಅವಸರ ಇಲ್ಲ, ಸಂತಿಗಿ ಹೊಂಟಾಕಿ ಹಂಗ.

ನಾ ಓಡಿ ಹೋಗಿ ರಟ್ಟಿ ಹಿಡದೆ. "ಅಪ್ಪನ್ನ ಅಲ್ಲಿ ಬಿಟ್ಟು ಎಲ್ಲಿ ಹೊಂಟಿ? ತಲಿ ಕೆಟ್ಟದೇನು ನಿಂದು? ಅಂವ ಅಲ್ಲಿ ಸಾಯಾಕತ್ಯಾನ!" ಬಾಯಿಗಿ ಬಂದದ್ದು ಅಂದೆ. ಆಕಿ ಕೈ ಝಾಡಿಸಿದ್ಲು. "ಹಿಂದ ನೋಡಬ್ಯಾಡ. ಮುಂದ ನಡಿ" ಅಂದ್ಲು. ಹಿಂದ ನೋಡಾಕ ಹೊಂಟೆ, ಕಪಾಳಕ್ಕ ಬಿತ್ತು. ಎರಡು ಮಕ್ಕಳ ತಾಯಿ ಇದ್ದೀನಿ ನಾನು.

ತಿರುವು ದಾಟಿ, ದಟ್ಟ ಗಿಡದಾಗ ಹೊಕ್ಕ ಮ್ಯಾಲ ಹೇಳಿದ್ಲು, ಏದುಸಿರು ಬಿಟ್ಟುಕೋತ, ಒಂದೊಂದ ಮಾತು. ತಿರುಗಾಟದಾಗ ಗಂಡಸರು ಕುರಿ ಜೋಡಿ ದೂರ ಗುಡ್ಡದ ಮ್ಯಾಲ ಇರ್ತಾರ. ಒದರಿದ್ರ ಕೇಳೂದಿಲ್ಲ. ಬಿಡಾರ ಎತ್ತೂದು ಹೆಂಗಸರು. ಹೆಂಗಸು ಗಂಟು ಹೊತ್ತು ನಡೆದ್ಲಂದ್ರ ಗಂಡಸು ದೂರದಿಂದ ನೋಡ್ತಾನ, ಬಿಡಾರ ಎದ್ದದ ಅಂತ ತಿಳೀತಾನ, ಆಕಿ ಯಾವ ದಿಕ್ಕಿಗಿ ಹೊಂಟಾಳೋ ತಾನೂ ಅದೇ ದಿಕ್ಕಿಗಿ ಹೊಂಡ್ತಾನ. ಕೇಳೂದಿಲ್ಲ, ವಾದ ಮಾಡೂದಿಲ್ಲ. "ಮದುವಿ ಆದಾಗಿಂದ ಅಂವ ನನ್ನ ಬಾಯಿ ಮಾತು ಒಂದೂ ಕೇಳಿಲ್ಲ. ಖರೆ, ತಲಿ ಮ್ಯಾಲಿನ ಗಂಟಿಗಿ ಒಂದ ಸಲಾನೂ ಇಲ್ಲ ಅಂದಿಲ್ಲ" ಅಂದ್ಲು.

"ಎದ್ನೋ ಇಲ್ಲೋ ನಾ ಒಂದೀಟು ನೋಡಿ ಬರ್ತೀನಿ."

"ಬ್ಯಾಡ! ಬಿಡಾರ ಹೊತ್ತಾಕಿ ಹೊಳ್ಳಿ ನೋಡಿದ್ರ ಗಂಟು ಸಡ್ಲ ಆಗ್ಯಾದ, ನಿಂದ್ರು ಅಂತ ಅರ್ಥ. ಅಂವ ಕುಂತ ಬಿಡ್ತಾನ. ನೀ ನೋಡಿದ್ರೂ ಒಂದ, ನಾ ನೋಡಿದ್ರೂ ಒಂದ. ಗಿಡದ ಸಂದ್ಯಾಗಿಂದ ಎಲ್ಲಿ ಕಾಣ್ತೀವೋ ಏನೋ. ನಡಿ."

ನಡದ್ವಿ. ಆ ಹೆಂಗಸು ಎಮ್ಮಿ ಜೋಡಿ ಮುಂದ, ನಡುವ ಅವ್ವ, ಹಿಂದ ನಾನು. ಎಷ್ಟೊತ್ತು ಹತ್ತಿದ್ವೋ ನನಗ ಗೊತ್ತಿಲ್ಲ. ಬಲಕ್ಕ ಗಿಡದ ಆಚೆ ಧಬಧಬಿ ಗುಡುಗಾಕತ್ತಿತ್ತು, ಕಾಲಿನ ಕೆಳಗ ಮಣ್ಣು ನಡುಗಾಕತ್ತಿತ್ತು. ನನ್ನ ಕುತ್ತಿಗಿ ಒಂದ ಸವನ ಹಿಂದಕ್ಕ ಎಳೀತಿತ್ತು. ಅಪ್ಪ ಎದ್ದಿರಬಹುದು. ಎದ್ದಿರಲಿಕ್ಕಿಲ್ಲ. ಅವ್ವ ಹೊಂಟದ್ದು ಅಂವ ನೋಡೇ ಇಲ್ಲ, ತಂಬಾಕ ತಿಕ್ಕಾಕತ್ತಿದ್ದ. ಅಥವಾ ನೋಡ್ಯಾನ, ಎದ್ದಾನ, ತಗ್ಗಿನ್ಯಾಗ ಕಾಲಿಟ್ಟಾನ. ಮೈಲಾರಪ್ಪಾ, ಬೀರಪ್ಪಾ, ಅಂವನ್ನ ಎಬ್ಬಸು ಅಂತ ದೇವರಿಗಿ ಒದರಿದೆ, ಬಾಯಾಗ ಅಲ್ಲ. ಅವ್ವ ಕಾಲು ಜಾರಿ ಒಮ್ಮೆ ಮೊಣಕಾಲೂರಿ ಬಿದ್ಲು. ಗಂಟು ಎರಡೂ ಕೈಲೆ ಹಿಡದಿದ್ಲು, ಕುತ್ತಿಗಿ ನೆಟ್ಟಗ. ಎಬ್ಬಸಾಕ ಹೋದ್ರ, "ಮುಟ್ಟಬ್ಯಾಡ" ಅಂದು ತಾನ ಎದ್ಲು. ಮೊಣಕಾಲು ಒಡದು ಸೀರಿ ಕೆಂಪಾಗಿತ್ತು.

ಸಾಕವ ಬಂತು. ಧಬಧಬಿ ಬೀಳೂ ಜಾಗಾಕ್ಕಿಂತ ಮ್ಯಾಲ, ಹಳ್ಳದ ಮ್ಯಾಲ ಒಂದು ಸಿಮೆಂಟಿನ ಪಟ್ಟಿ, ಕಟಾಂಜನ ಇಲ್ಲ. ಕೆಂಪು ನೀರು ಅದರ ಕೆಳಗ ಗೇಣು ಜಾಗಾ ಬಿಟ್ಟು ಓಡ್ತಿತ್ತು. ಆ ಕಡೆ ಯಾರೂ ಇಲ್ಲ. ಗಿಡ, ಮಂಜು, ಒಂದು ದನದ ಹಾದಿ ಕೆಳಗಿಂದ ಹತ್ತಿ ಬಂದದ್ದು. ಅವ್ವ ಈ ತುದಿಗಿ ನಿಂತ್ಲು. ಗಂಟು ಇಳಸಲಿಲ್ಲ.

"ಇಳಸು ಅವ್ವಾ."

"ಅಂವ ಕಂಡ ಮ್ಯಾಲ ಇಳಸೂದು."

ನಿಂತ್ವಿ. ಆ ಹೆಂಗಸು ಎಮ್ಮಿ ದಾಟಿಸೂದು ಬಿಟ್ಟು ತಾನೂ ನಿಂತ್ಲು. "ಆ ಕಡೆ ಹಾದಿ ಜರಾ ಸುತ್ತು ಅದ" ಅಂದ್ಲು. ಅವ್ವ ತುಟಿ ಕಚ್ಚಿ ಆ ಹಾದಿ ನೋಡಾಕತ್ತಿದ್ಲು. ನನಗ ತಡಕೊಳ್ಳಾಕ ಆಗಲಿಲ್ಲ. ಪೂಲಿನ ನಡುವ ಹೋಗಿ ಎರಡೂ ಕೈ ಬಾಯಿಗಿಟ್ಟು ಒದರಿದೆ, "ಅಪ್ಪಾ!"

ಇಲ್ಲಿ ಧಬಧಬಿ ಕೆಳಗ ಇತ್ತು. ನನ್ನ ದನಿ ಈ ಸಲ ಹೋತು. ಗಿಡದಿಂದ ಗಿಡಕ್ಕ ಹೋದದ್ದು ನಾನ ಕೇಳಿದೆ. ಮತ್ತ ಒದರಿದೆ, ಮತ್ತ, ಮತ್ತ. ಆಮ್ಯಾಲ ಕೆಳಗ ಎಲ್ಲಿಂದೋ ಬಂತು, ಕುರಿ ಕರೆಯೂ ದನಿ, "ಹೋ…ಯ್." ಅವ್ವ ಕಣ್ಣು ಮುಚ್ಚಿದ್ಲು.

ಅಪ್ಪ ಹಾದಿ ಮ್ಯಾಲ ಬಂದ. ಎದಿ ತನಕ ಕೆಸರು, ಕಂಬಳಿ ಇಲ್ಲ, ಬಡಿಗಿ ಇಲ್ಲ. ಬೈಕೋತನೇ ಪೂಲು ದಾಟಿ ನಮ್ಮ ಕಡೆ ಬಂದ. "ಯಾರ ಹೇಳಿದ್ರು ನಿನಗ ಬಿಡಾರ ಏಳಸಾಕ? ಇನ್ನೊಂದು ಜರಾ ಕುಂತಿದ್ರ ಹಳ್ಳ ಇಳೀತಿತ್ತು! ಈ ವಯಸ್ಸಿನ್ಯಾಗ ನನ್ನ ಗುಡ್ಡ ಹತ್ತಸ್ತಿ!"

ಅವ್ವ ಅಂವನ ಕಾಲು ನೋಡಾಕತ್ತಿದ್ಲು. "ಚಪ್ಪಲಿ ಎಲ್ಲಿ?" ಅಂದ್ಲು.

ಅಪ್ಪ ತನ್ನ ಬರಿಗಾಲು ತಾನೂ ನೋಡಿಕೊಂಡ. ಸಣ್ಣ ದನೀಲೆ ಹೇಳಿದ, "ನೀ ಗಂಟು ಹೊತ್ತದ್ದು ಕಂಡಿತು, ಎದ್ದೆ. ಚಪ್ಪಲಿ ಮೆಟ್ಟೂಣಂತ ಬಾಜೂಕ ಕೈ ಹಾಕಿದೆ. ಕೈ ನೀರಿಗಿ ಹತ್ತಿತು. ಹಿಂದ ನೋಡಿದ್ರ ಹೋಗೂ ಹಾದಿ ನೀರಾಗ್ಯಾದ. ಎದಿ ಮಟ ಇತ್ತು. ಕಂಬಳಿ ನೀರು ಕುಡದು ಎಳ್ಯಾಕತ್ತು, ಬಿಟ್ಟೆ. ಬೇರು ಹಿಡದು ಬಂದೀನಿ."

ಆವಾಗ ಅವ್ವ ಗಂಟು ಇಳಸಿದ್ಲು. ಇಳಸಿ ಅದರ ಮ್ಯಾಲೇ ಕುಂತ್ಲು, ಕುಂತು ಅತ್ಲು. ಬಾಯಿ ತಗದು, ಸಣ್ಣ ಹುಡುಗ್ಯಾರಂಗ. "ಹೊಳ್ಳತಿತ್ತರಿ ನನ್ನ ಕುತ್ತಿಗಿ! ಹೆಜ್ಜಿ ಹೆಜ್ಜಿಗಿ ಹೊಳ್ಳತಿತ್ತು. ಎರಡೂ ಕೈಲೆ ಗಂಟು ಹಿಡದು ತಡದೀನಿ. ಬರಾಕತ್ತೀರೋ, ಹೋಗೇ ಬಿಟ್ಟೀರೋ, ನನಗ ಏನೂ ಗೊತ್ತಿದ್ದಿಲ್ಲ." ಅಪ್ಪ ಆಕಿ ಮುಂದ ಕುಕ್ಕರಗಾಲಿಲೆ ಕುಂತ. ಏನ ಮಾಡಬೇಕು ಗೊತ್ತಾಗದ ಆಕಿ ಒಡದ ಮೊಣಕಾಲಿನ ಮ್ಯಾಲ ಕೈ ಇಟ್ಟ. ಕಲ್ಲು ಅದ, ಹಂಗೇ ಅದ, ಚಳಿಗಾಲದಾಗ ಬರೂಣು ಅಂತ ನನ್ನ ಕಡೆ ಹೊಳ್ಳಿ ಹೇಳಿದ. ನನ್ನ ಬಾಯಿ ಆವತ್ತು ಖಾಲಿ ಆಗಿತ್ತು.

ಕೆಳಗ ಜೀಪಿನ ಕಡೆ ಹೊಂಡೂ ಮುಂದ ಅಪ್ಪ ಬಂದು ನಮ್ಮ ಹಿಂದ ನಿಂತ. ಅವ್ವ ಸರದ್ಲು. "ಇನ್ನ ಮ್ಯಾಲ ನೀವು ಮುಂದ ನಡೀರಿ. ಸಾಕಾಗ್ಯಾದ ನನಗ ಮುಂದ ನಡದು" ಅಂದ್ಲು. ಅಪ್ಪ ಮುಂದ ಹೋದ.

ಈಗೂ ಹಂಗೇ ಅದ. ಅಕ್ಕಲಕೋಟದ ಬಜಾರಕ್ಕ ಇಬ್ಬರೂ ಕಾಯಿಪಲ್ಯಾ ತರಾಕ ಹೊಂಟ್ರಂದ್ರ ಅಪ್ಪ ಮುಂದ, ಹೊಸ ಚಪ್ಪಲಿ ಕಿರ್ ಕಿರ್ ಅನಿಸಿಕೋತ. ಅವ್ವ ಹಿಂದ, ಚೀಲಾ ಹಿಡಕೊಂಡು. "ಕುರಿ ಹೊಡದಂಗ ಹೊಡಕೊಂಡು ಹೊಂಟಾಳ ನೋಡ್ರಿ ನನ್ನ" ಅಂತ ಅಂವ ಮಂದಿ ಮುಂದ ದೂರ ಹೇಳ್ತಾನ. ಖರೆ, ಅಂವಗ ಒಂದು ಹೊಸ ಚಟ ಹತ್ಯಾದ. ಪ್ರತಿ ಮೂಲ್ಯಾಗ ನಿಂತು ಹಿಂದ ನೋಡ್ತಾನ. ನಾ ಬಸ್ಸಿನ ಬಾಗಿಲದಾಗ ನಿಂತು ಎಷ್ಟೋ ಸಲ ನೋಡೀನಿ. ಅವ್ವ ಅಲ್ಲಿಂದಾನ ಬೈತಾಳ, "ಹೊಳ್ಳಿ ನೋಡಬ್ಯಾಡ್ರಿ, ನಡೀರಿ. ಹಿಂದ ನಾ ಅದೀನಿ."